ಕೃಷ್ಣಾ–ದೂಧಗಂಗಾ ಬಯಲಿನ ಹಾಲು: ಸಹಕಾರಿ ಒಡೆತನದ ಒಂದು ಅಧ್ಯಯನ

ಸಹಕಾರಿ ಸಂಘದ ಚರಿತ್ರೆಯನ್ನು ಅದರ ನೋಂದಣಿಯ ವರ್ಷದಿಂದ ಆರಂಭಿಸುವುದು ರೂಢಿ. ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳ ಹೈನುಗಾರಿಕೆಯ ಮಟ್ಟಿಗೆ ಅಷ್ಟು ಸಾಲದು. ಬೆಳಗಿನ ಹಾಲು ಯಾವ ದಿಕ್ಕಿನ ಡೇರಿಗೆ ಹೋಗುತ್ತದೆ, ಅದನ್ನು ಬೆಣ್ಣೆ, ಪುಡಿ, ಪನೀರ್, ಚೀಸ್ ಮಾಡುವ ಯಂತ್ರ ಯಾರದು, ಆ ಪದಾರ್ಥದ ಲಾಭ ಮರಳಿ ಯಾವ ಊರು ಸೇರುತ್ತದೆ ಎಂದು ಕೇಳಿದಾಗಲೇ ಇಲ್ಲಿಯ ಸಹಕಾರದ ನಿಜರೂಪ ಕಾಣುತ್ತದೆ. ಕಬ್ಬಿನಲ್ಲಿ ಈ ಸೀಮೆಯ ರೈತ ಕಾರ್ಖಾನೆಯ ಪಾಲುದಾರನಾದ; ಹಾಲಿನಲ್ಲಿ ಬಹುಮಟ್ಟಿಗೆ ಹಾಲು ಹಾಕುವವನಾಗಿಯೇ ಉಳಿದ. ಇದಕ್ಕೆ ಕಾರಣ ರೈತನ ಅಸಾಮರ್ಥ್ಯವಲ್ಲ. ಆಡಳಿತದ ಗಡಿ ಮತ್ತು ಸರ್ಕಾರಿ ಯೋಜನೆಗಳು ಬಂದ ಸರದಿ ಎಂಬುದು ಈ ಲೇಖನದ ವಾದ.

ಪದಾರ್ಥ ಮಾಡುವ ಒಡೆತನಕ್ಕೆ ಇಷ್ಟು ಮಹತ್ವ ಏಕೆ ಎಂಬುದನ್ನು ಫ್ರಾನ್ಸಿನ ಜುರಾ ಬೆಟ್ಟಸಾಲಿನ ಚೀಸ್ ಸಂಘಗಳು ತಿಳಿಸುತ್ತವೆ. ಅಲ್ಲಿಯ ಕೊಂತೆ ಚೀಸಿನ ಒಂದು ಗಾಲಿಗೆ ಸುಮಾರು 400 ಲೀಟರ್ ಹಾಲು ಬೇಕು; ಒಂದು ಮನೆಯ ಕೊಟ್ಟಿಗೆಯಿಂದ ಅಷ್ಟು ಹಾಲು ಹೊರಡದು. ಆದ್ದರಿಂದ 13ನೇ ಶತಮಾನದಿಂದಲೇ ಅಲ್ಲಿಯ ನೆರೆಹೊರೆಯವರು ಹಾಲು ಕೂಡಿಸಿ ಚೀಸ್ ಮಾಡುತ್ತಿದ್ದ ದಾಖಲೆಗಳಿವೆ. ಕೆಡುವ ಹಾಲನ್ನು ತಿಂಗಳುಗಟ್ಟಲೆ ಉಳಿಯುವ ಸರಕಾಗಿಸಿದವರು ಪೇಟೆಯ ದರಕ್ಕೆ ಅವಸರದಿಂದ ತಲೆಬಾಗಬೇಕಿಲ್ಲ. 1946ರಲ್ಲಿ ನೋಂದಣಿಯಾದ ಗುಜರಾತಿನ ಖೇಡಾ ಹಾಲು ಒಕ್ಕೂಟ ಗ್ರಹಿಸಿದ್ದೂ ಇದನ್ನೇ. ಎಮ್ಮೆಯ ಹಾಲಿನಿಂದ ಪುಡಿ ಆಗದು ಎಂಬ ಪರದೇಶಿ ತಜ್ಞರ ಮಾತನ್ನು ಅಲ್ಲಿಯ ತಂತ್ರಜ್ಞ ಎಚ್. ಎಂ. ದಲಾಯಾ ಸುಳ್ಳಾಗಿಸಿದರು. ಎಮ್ಮೆಹಾಲಿನ ಶಿಶು ಆಹಾರದ ಸೂತ್ರ ಹೋದದ್ದು ನಮ್ಮ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದಿಂದ. ಎಮ್ಮೆಹಾಲಿನ ಚೀಸನ್ನೂ ಆ ಒಕ್ಕೂಟ ದೊಡ್ಡ ಪ್ರಮಾಣದಲ್ಲಿ ತಯಾರಿಸಿತು.

ಎಮ್ಮೆ ನಮ್ಮ ಸೀಮೆಯ ಸಂಪತ್ತೂ ಹೌದು. ಕತ್ತಿಯಂತೆ ಹಿಂದಕ್ಕೆ ಬಾಗಿದ ಉದ್ದ ಕೋಡಿನ ಪಂಢರಪುರಿ ತಳಿ ಸೋಲಾಪುರ, ಸಾಂಗಲಿ, ಕೊಲ್ಹಾಪುರದಿಂದ ಬೆಳಗಾವಿಯವರೆಗೂ ಹಬ್ಬಿದೆ. ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ನೀರು, ಕಬ್ಬಿನ ಸೋಗೆ, ಜೋಳದ ಕಣಿಕೆ, ಎಲ್ಲವೂ ಹೈನಕ್ಕೆ ಒದಗುತ್ತವೆ. ಹಾಲು ಉಳಿದಾಗ ಖವಾ ಕಾಸುವ ವಿದ್ಯೆ ಇಲ್ಲಿಗೆ ಹಳೆಯದು. ಬೆಳಗಾವಿಯ ಕುಂದಾ ಹುಟ್ಟಿದ್ದು ಆ ವಿದ್ಯೆಯಿಂದಲೇ. ಸುಮಾರು ನಾಲ್ಕರಿಂದ ಐದು ಲೀಟರ್ ಹಾಲು ಬತ್ತಿದರೆ ಒಂದು ಕಿಲೋ ಖವಾ. ಆದರೆ ಆ ಭಟ್ಟಿ ವ್ಯಾಪಾರಿಯದಾಗಿತ್ತು, ಹಾಲು ಹಾಕಿದವರ ಸಂಘದ್ದಾಗಿರಲಿಲ್ಲ.

ಸಹಕಾರ ಇಲ್ಲಿ ಹೊಸದೇನೂ ಆಗಿರಲಿಲ್ಲ. ಬೆಳಗಾವಿ ಜಿಲ್ಲೆ 1956ರವರೆಗೆ ಮುಂಬಯಿ ಪ್ರಾಂತ್ಯದಲ್ಲಿತ್ತು. 1904ರ ಸಹಕಾರ ಕಾಯ್ದೆಯ ಬೆನ್ನಿಗೆ, 1905ರಲ್ಲಿ, ಅದೇ ಪ್ರಾಂತ್ಯದ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ಪತ್ತಿನ ಸಂಘ ಕಟ್ಟಿದ್ದರು. 1925ರ ಮುಂಬಯಿ ಸಹಕಾರ ಕಾಯ್ದೆ ಚಿಕ್ಕೋಡಿಗೂ ಕೊಲ್ಹಾಪುರದ ನೆರೆಯ ಸಾತಾರಾ ಜಿಲ್ಲೆಗೂ ಒಂದೇ ಆಗಿತ್ತು. ಠರಾವು, ಭಾಗಭಂಡವಲ, ಸರ್ವಸಾಧಾರಣ ಸಭೆ ಎಂಬ ಮಾತುಗಳು ಈ ಊರುಗಳ ಬಾಯಲ್ಲಿ ನಿಂತದ್ದು ಆ ಕಾಲದಿಂದ. ಉಗಾರ ಖುರ್ದದಲ್ಲಿ 1939ರಲ್ಲಿ ಹುಟ್ಟಿದ ಸಕ್ಕರೆ ಕಂಪನಿ ಖಾಸಗಿ. ಆದರೆ ಮುಂದೆ ಚಿಕ್ಕೋಡಿಯ ದೂಧಗಂಗಾ ಕೃಷ್ಣಾ, ನಿಪ್ಪಾಣಿಯ ಹಾಲಸಿದ್ಧನಾಥ, ಅಥಣಿಯ ಕೃಷ್ಣಾ, ರಾಯಬಾಗದ ಕಾರ್ಖಾನೆಗಳು ರೈತರ ಷೇರಿನ ಮೇಲೆ ಎದ್ದವು. ರಾಯಬಾಗದ್ದು ಕಾಲಕ್ರಮದಲ್ಲಿ ಖಾಸಗಿ ಗುತ್ತಿಗೆಗೆ ಹೋದದ್ದು ನೋವಿನ ಸಂಗತಿ. ಷೇರಿನ ಕಾಗದ ಕೈಯಲ್ಲಿದ್ದರೂ ಒಡೆತನ ಜಾರಬಲ್ಲದು ಎಂಬುದಕ್ಕೆ ಅದು ಸಾಕ್ಷಿ.

ಗಡಿಯಾಚೆ, ಮಹಾರಾಷ್ಟ್ರದ ವಾರಣಾನಗರದಲ್ಲಿ ಕಥೆ ಬೇರೆ ತಿರುವು ಪಡೆಯಿತು. ತಾತ್ಯಾಸಾಹೇಬ ಕೋರೆ ಅವರು ಮೊದಲು ಸಹಕಾರಿ ಸಕ್ಕರೆ ಕಾರ್ಖಾನೆ ಕಟ್ಟಿ, ಅದೇ ಸದಸ್ಯರ ಬಲದ ಮೇಲೆ 1968ರಲ್ಲಿ ಹಾಲಿನ ಸಂಘ ಆರಂಭಿಸಿದರು. ಕಬ್ಬಿನಿಂದ ಹಾಲಿಗೆ ದಾಟಿದ ಈ ಹೆಜ್ಜೆಯೇ ಚಿಕ್ಕೋಡಿ ಸೀಮೆಯಲ್ಲಿ ಬೀಳಲಿಲ್ಲ. ಕೊಲ್ಹಾಪುರ ಜಿಲ್ಲಾ ಹಾಲು ಒಕ್ಕೂಟ, ಜನರ ಬಾಯಲ್ಲಿ ಗೋಕುಳ, 1963ರಲ್ಲೇ ಹುಟ್ಟಿತ್ತು. ಕರ್ನಾಟಕದಲ್ಲಿ 1974ರ ವಿಶ್ವಬ್ಯಾಂಕ್ ನೆರವಿನ ಹೈನು ಯೋಜನೆ ಹಿಡಿದದ್ದು ಬೆಂಗಳೂರು, ಮೈಸೂರು, ಹಾಸನ, ತುಮಕೂರಿನ ಕಡೆಯ ಜಿಲ್ಲೆಗಳನ್ನು. 1984ರಲ್ಲಿ ಹಾಲು ಮಹಾಮಂಡಳ ರೂಪುಗೊಂಡ ಕಾಲಕ್ಕೆ ಉತ್ತರದತ್ತ ಅದರ ಕೈ ಚಾಚಿತು. ಅಷ್ಟರಲ್ಲಿ ನಿಪ್ಪಾಣಿಯ ಹಾಲಿಗೆ ಕೊಲ್ಹಾಪುರದ ದಾರಿ ಪಳಗಿತ್ತು.

ಆ ದಾರಿ ಈಗಲೂ ತೆರೆದಿದೆ. ಗಡಿಯ ಹಳ್ಳಿಗಳಿಂದ ಗೋಕುಳ ಹಾಲು ಪಡೆಯುತ್ತದೆ. ದರ ಚೆನ್ನಾಗಿದ್ದಲ್ಲಿಗೆ ಹಾಲು ಹಾಕುವುದು ರೈತನ ಹಕ್ಕು, ಅದರಲ್ಲಿ ತಪ್ಪೇನಿಲ್ಲ. ಆದರೆ ಜಿಲ್ಲೆಯ ಎಲ್ಲೆಗೆ ಕಟ್ಟಿದ ಒಕ್ಕೂಟದಲ್ಲಿ ಆಚೆ ರಾಜ್ಯದ ರೈತನಿಗೆ ಮತವಿಲ್ಲ. ಬಹುರಾಜ್ಯ ಸಂಘವಾಗುವ ಪ್ರಸ್ತಾವಕ್ಕೆ ಕೊಲ್ಹಾಪುರದ ಒಳಗೇ ಬಲವಾದ ವಿರೋಧ ಎದ್ದಿತು. ಇತ್ತ ಕರ್ನಾಟಕ ಸರ್ಕಾರ 2008ರಲ್ಲಿ ಲೀಟರಿಗೆ 2 ರೂಪಾಯಿಯಿಂದ ಆರಂಭಿಸಿದ ಪ್ರೋತ್ಸಾಹಧನ ಮಹಾಮಂಡಳದ ಸಂಘಗಳಿಗೆ ಹಾಲು ಹಾಕಿದವರಿಗಷ್ಟೇ ಸಲ್ಲುತ್ತದೆ. ಹೀಗಾಗಿ ಗಡಿಯ ಎಮ್ಮೆ ಸಾಕಿದವಳ ಮುಂದೆ ಎರಡು ಅರೆಬರೆ ಆಯ್ಕೆಗಳು: ಅತ್ತ ಎಮ್ಮೆಹಾಲಿಗೆ ನೆಲೆಯಾದ ಪೇಟೆ ಉಂಟು, ಮತವಿಲ್ಲ, ಇತ್ತ ಮತವೂ ಪ್ರೋತ್ಸಾಹಧನವೂ ಉಂಟು, ಊರ ಸಮೀಪ ಪದಾರ್ಥದ ಘಟಕವಿಲ್ಲ.

‘ಸಾಕಿದವಳ’ ಎಂದು ಬೇಕೆಂದೇ ಬರೆದಿದ್ದೇನೆ. ಮೇವು, ಸಗಣಿ, ಹಿಂಡುವ ಕೆಲಸ ಹೆಚ್ಚಾಗಿ ಹೆಂಗಸರದು. ಸಂಘದ ಪಾಸ್‌ಬುಕ್ಕು ಹೆಚ್ಚಾಗಿ ಗಂಡಸಿನ ಹೆಸರಿನದು. 1980ರ ದಶಕದ ಕೊನೆಯಲ್ಲಿ ಮಹಿಳೆಯರ ತರಬೇತಿ, ಉದ್ಯೋಗಕ್ಕೆಂದು ಕೇಂದ್ರ ತಂದ ಸ್ಟೆಪ್ ಯೋಜನೆಯಡಿ ಮಹಿಳಾ ಹಾಲು ಸಂಘಗಳು ಆರಂಭವಾದಾಗ ಈ ಲೋಪ ಸ್ವಲ್ಪ ಸರಿಯಾಯಿತು. ಒಡೆತನದ ಯಾವ ಚರ್ಚೆಯೂ ಇದನ್ನು ಬಿಟ್ಟು ಮುಂದೆ ಹೋಗಬಾರದು.

ಮಹಾಮಂಡಳದ ನಂದಿನಿ ಹೆಸರಿನ ಚೀಸ್, ಪನೀರ್ ಇಂದು ಚಿಕ್ಕೋಡಿಯ ಅಂಗಡಿಗಳಿಗೂ ಬರುತ್ತವೆ. ಅವುಗಳಿಂದ ಉಳಿದ ಲಾಭ ಎಷ್ಟು, ಹಾಲು ಹಾಕಿದವರಿಗೆ ಹಂಚಿದ್ದೆಷ್ಟು ಎಂಬ ಲೆಕ್ಕವನ್ನು ಒಕ್ಕೂಟಗಳು ಪದಾರ್ಥವಾರು ಬಿಡಿಸಿ ಪ್ರತಿ ಹಳ್ಳಿ ಸಂಘದ ವಾರ್ಷಿಕ ಸಭೆಯ ಮುಂದಿಡಬೇಕು. ಈ ಐದು ತಾಲ್ಲೂಕುಗಳ ಸಂಘಗಳ ಕಪಾಟುಗಳಲ್ಲಿ ಕನ್ನಡದಲ್ಲೂ ಮರಾಠಿಯಲ್ಲೂ ಬರೆದ ಹಳೆಯ ಠರಾವು ಪುಸ್ತಕಗಳಿವೆ. ಅವು ಗೆದ್ದಲಿನ ಪಾಲಾಗುವ ಮುನ್ನ ವಿಶ್ವವಿದ್ಯಾಲಯಗಳು ಪ್ರತಿ ಮಾಡಿಸಿ ಇಡಲಿ ಎಂದು ಕೋರುತ್ತೇನೆ.