ಬಾಣಂತಿಯ ತಲೆನೋವು ‘ಶೀತ’ವೇ? ತಲೆಬುರುಡೆಯೊಳಗಿನ ಒತ್ತಡದ ಬಗ್ಗೆ ತಿಳಿಯಿರಿ

ಬೆಳಗ್ಗೆ ತಲೆನೋವು, ವಾಂತಿ ಎಂದರೆ ನಮ್ಮಲ್ಲಿ ‘ಪಿತ್ತ’, ಬಾಣಂತಿಗಾದರೆ ‘ಶೀತ’. ಹೆಚ್ಚಿನ ತಲೆನೋವು ಅಪಾಯಕಾರಿಯಲ್ಲ, ನಿಜ. ಆದರೆ ನೋವು ದಿನೇ ದಿನೇ ಏರುತ್ತಾ, ಮಲಗಿದಾಗ, ಕೆಮ್ಮಿದಾಗ ಜೋರಾದರೆ, ಕಣ್ಣು ಆಗಾಗ ಕ್ಷಣಕಾಲ ಮಂಜಾದರೆ, ಒಂದು ವಸ್ತು ಎರಡಾಗಿ ಕಂಡರೆ ಬುರುಡೆಯೊಳಗಿನ ಒತ್ತಡ ಏರಿರಬಹುದು. ಇದು ಬಿ.ಪಿ. ಅಲ್ಲ, ತೋಳಿಗೆ ಪಟ್ಟಿ ಕಟ್ಟಿದರೆ ತಿಳಿಯದು. ಬುರುಡೆ ಹಿಗ್ಗದ ಡಬ್ಬಿ. ಒಳಗೆ ಗಡ್ಡೆ, ರಕ್ತಸ್ರಾವ, ಊತ ಏನೇ ಆದರೂ ಹಿಂಡುವುದು ಮಿದುಳನ್ನೇ.

ಹೆರಿಗೆಯ ನಂತರ ರಕ್ತ ಹೆಪ್ಪುಗಟ್ಟುವ ಗುಣ ಹೆಚ್ಚಿರುತ್ತದೆ. ಹಿರಿಯರು ನೀರನ್ನೂ ಕಡಿಮೆ ಕೊಟ್ಟರೆ (ಈ ರೂಢಿ ಬಿಡಲೇಬೇಕು) ಮಿದುಳಿನ ಸಿರೆ ಕಟ್ಟಿಕೊಳ್ಳುವ ಅಪಾಯ ಇನ್ನೂ ಹೆಚ್ಚು. ಫಿಟ್ಸ್ ಬರುವವರೆಗೆ ಕಾಯಬೇಡಿ.

ಪತ್ತೆ ಕಣ್ಣಿನಿಂದ ಶುರುವಾಗುತ್ತದೆ. 1851ರಲ್ಲಿ ಹೆಲ್ಮ್‌ಹೋಲ್ಟ್ಸ್ ರೂಪಿಸಿದ ಆಫ್ತಾಲ್ಮೋಸ್ಕೋಪ್‌ನಿಂದ ವೈದ್ಯರು ಕಣ್ಣಿನ ನರದ ತುದಿ ಊದಿದೆಯೇ ನೋಡುತ್ತಾರೆ. ಊತ ಕಾಣಲು ದಿನಗಳೇ ಹಿಡಿಯಬಹುದು. ಆದ್ದರಿಂದ ಕಣ್ಣು ಸರಿಯಿದೆ ಎಂದಾಕ್ಷಣ ನಿಶ್ಚಿಂತರಾಗಬಾರದು. ಮುಂದೆ ಸಿ.ಟಿ. ಅಥವಾ ಎಂ.ಆರ್.ಐ. ಸಾಮಾನ್ಯ ಸಿ.ಟಿ.ಯಲ್ಲಿ ಸಿರೆಯ ಹೆಪ್ಪು ತಪ್ಪಿಹೋಗಬಹುದು, ಅದಕ್ಕೆ ವೆನೋಗ್ರಾಮ್ ಬೇಕು. ಬೆನ್ನಿನಿಂದ ನೀರು ತೆಗೆದು ಒತ್ತಡ ಅಳೆಯುವುದು ಸ್ಕ್ಯಾನ್ ಆದ ಮೇಲೆಯೇ. ದೊಡ್ಡ ಗಡ್ಡೆಯಿದ್ದಾಗ ತೆಗೆದರೆ ಮಿದುಳು ಕೆಳಕ್ಕೆ ಜಾರಬಹುದು. ವಯಸ್ಕರಲ್ಲಿ 25 ಸೆಂ.ಮೀ. ನೀರಿನ ಮಟ್ಟ ದಾಟಿದರೆ ಹೆಚ್ಚು.

ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದವರು ತಾಲ್ಲೂಕು ಆಸ್ಪತ್ರೆಯಲ್ಲಿ ‘ಹೆರಿಗೆಯಾಗಿ ಇಷ್ಟು ದಿನ’ ಎಂದು ಮೊದಲೇ ಹೇಳಿ. ಅಲ್ಲಿಂದ ಹಾಸನದ ಹಿಮ್ಸ್‌ಗೋ, ಬೆಂಗಳೂರಿನ ನಿಮ್ಹಾನ್ಸ್‌ಗೋ ಕಳುಹಿಸಿದರೆ ಮನೆಗೆ ಹೋಗಿ ಬರೋಣ ಎನ್ನಬೇಡಿ. ಮಂಪರು ಬಂದರೆ, ನಾಡಿ ನಿಧಾನವಾಗಿ ಬಿ.ಪಿ. ಏರಿದರೆ ಬಸ್ಸಿಗೆ ಕಾಯದೆ 108ಕ್ಕೆ ಕರೆ ಮಾಡಿ.