ಬೆಳಿಗ್ಗೆ ಹುಳಿ, ಸಂಜೆ ಕಹಿ

ನನ್ನ ಕಿಟಕಿಯಲ್ಲಿರುವ ಕಾಡುಬಸಳೆ ಊರಿನಿಂದ ಪುಸ್ತಕದೊಳಗೆ ಇಟ್ಟು ತಂದ ಒಂದೇ ಎಲೆಯಿಂದ ಬಂದದ್ದು. ಈ ಗಿಡದ ಎಲೆಯನ್ನು ಮಣ್ಣಿನ ಮೇಲೆ ಸುಮ್ಮನೆ ಇಟ್ಟರೂ ಅಂಚಿನ ಕಚ್ಚುಗಳಲ್ಲಿ ಸಾಲಾಗಿ ಮರಿಸಸಿಗಳು ಮೂಡುತ್ತವೆ. ಜರ್ಮನಿಯ ಕವಿ ಗಯಟೆಗೆ ಇದರ ಹುಚ್ಚು ಎಷ್ಟಿತ್ತೆಂದರೆ, ಬೆಳೆಸಿ ಗೆಳೆಯರಿಗೆಲ್ಲ ಎಲೆ ಹಂಚುತ್ತಿದ್ದ. ನಾನೋ ಮೊದಲ ಸಸಿಗಳಿಗೆ ದಿನಾ ನೀರು ಹೊಯ್ದು ಬುಡ ಕೊಳೆಸಿದೆ. ಯಾಕೆ ಹೀಗಾಯಿತೆಂದು ಹುಡುಕುತ್ತ ಹೋದಾಗ ಸಿಕ್ಕಿದ್ದು ಇನ್ನೂರು ವರ್ಷ ಹಳೆಯ ಒಂದು ಕಾಗದದ ಸಂಗತಿ.

ಬರೆದವನು ಬೆಂಜಮಿನ್ ಹೈನೆ. 1770ರಲ್ಲಿ ಸ್ಯಾಕ್ಸನಿಯಲ್ಲಿ ಹುಟ್ಟಿ, ಮೊರೇವಿಯನ್ ಮಿಷನ್ನಿನವನಾಗಿ ತರಂಗಂಬಾಡಿಗೆ ಬಂದು, ಆಮೇಲೆ ಈಸ್ಟ್ ಇಂಡಿಯಾ ಕಂಪನಿಯ ಸಸ್ಯಶಾಸ್ತ್ರಜ್ಞನಾದವನು. ಶ್ರೀರಂಗಪಟ್ಟಣ ಬಿದ್ದ ಮೇಲೆ ಮೆಕೆಂಜಿಯ ಮೈಸೂರು ಸರ್ವೆಯ ಜೊತೆ ತಿರುಗಿದ. ನಮ್ಮ ಲಾಲ್‌ಬಾಗ್ ಕೂಡ ಕೆಲವು ಕಾಲ ಅವನ ಕೈಯಲ್ಲಿತ್ತು. 1819ರಲ್ಲಿ ಮದರಾಸಿನಲ್ಲಿ ತೀರಿಕೊಂಡ.

ಅವನ ಕಾಗದ 1815ರಲ್ಲಿ ಲಂಡನ್ನಿನ ಲಿನಿಯನ್ ಸೊಸೈಟಿಯ ಸಂಪುಟದಲ್ಲಿ ಅಚ್ಚಾಯಿತು. ಮೂರೇ ಪುಟ. ಕಾಡುಬಸಳೆಯ ಎಲೆ ಮುಂಜಾನೆ ಹುಳಿ, ಮಧ್ಯಾಹ್ನ ಸಪ್ಪೆ, ಸಂಜೆಗೆ ಕೊಂಚ ಕಹಿ ಎಂಬುದು ಅದರ ತಿರುಳು. ರಾತ್ರಿ ಎಲೆ ಆಮ್ಲಜನಕ ಹೀರಿ ಹುಳಿಯಾಗುತ್ತದೆ, ಬೆಳಕಿನಲ್ಲಿ ಅದನ್ನು ಬಿಟ್ಟುಕೊಡುತ್ತದೆ ಎಂದು ಆ ಕಾಲದ ಹೊಸ ರಸಾಯನಶಾಸ್ತ್ರ ಹಿಡಿದು ವಿವರಿಸಿದ. ವಿವರಣೆ ನಿಲ್ಲಲಿಲ್ಲ, ರುಚಿ ನಿಂತಿತು.

ಈಗ ಗೊತ್ತಿರುವುದು ಇಷ್ಟು: ಬಿಸಿಲಿನಲ್ಲಿ ನೀರು ಆವಿಯಾಗಿ ಹೋಗದಿರಲೆಂದು ಈ ಗಿಡ ಹಗಲು ಎಲೆಯ ರಂಧ್ರಗಳನ್ನು ಮುಚ್ಚಿಕೊಂಡಿರುತ್ತದೆ. ರಾತ್ರಿ ತೆರೆದು ಇಂಗಾಲದ ಡೈಆಕ್ಸೈಡ್ ಒಳಗೆಳೆದು ಮ್ಯಾಲಿಕ್ ಆಮ್ಲವಾಗಿ ಕೂಡಿಡುತ್ತದೆ. ಹಗಲು ಆ ಆಮ್ಲವನ್ನು ಒಡೆದು ಸಕ್ಕರೆ ಮಾಡಿಕೊಳ್ಳುತ್ತದೆ. ಇಷ್ಟು ಜಿಪುಣತನದ ಗಿಡಕ್ಕೆ ನಾನು ದಿನಾ ನೀರು ಹೊಯ್ದಿದ್ದೆ!

ನಮ್ಮಜ್ಜಿ ಮೂತ್ರದ ಕಲ್ಲಿಗೆಂದು ಇದೇ ಎಲೆಯನ್ನು ಬೆಳಗಿನ ಬರಿಹೊಟ್ಟೆಯಲ್ಲಿ ಅಗಿದು, ಹುಳಿಗೆ ಮುಖ ಕಿವುಚುತ್ತಿದ್ದಳು. ಹೈನೆಗೆ ಗೊತ್ತಿದ್ದದ್ದರಲ್ಲಿ ಮೊದಲ ಭಾಗ ಅವಳಿಗೂ ಗೊತ್ತಿತ್ತು. ಮಧ್ಯಾಹ್ನ, ಸಂಜೆ ಮತ್ತೆ ಅಗಿದು ನೋಡುವ ಬಿಡುವು ಅವಳಿಗಿರಲಿಲ್ಲ, ಬರೆದು ಕಳಿಸಲು ಲಂಡನ್ ಕೂಡ ಇರಲಿಲ್ಲ. ಅವಳಂಥ ಎಷ್ಟು ನಾಲಿಗೆಗಳು ಇದನ್ನು ಅರಿತಿದ್ದವೋ! ಹಾಗೆಂದು ಹೈನೆಯನ್ನು ಕಡೆಗಣಿಸುವ ಮನಸ್ಸೂ ನನಗಿಲ್ಲ. ಒಂದೇ ಗಿಡದ ಬಳಿಗೆ ದಿನಕ್ಕೆ ಮೂರು ಸಲ ಹೋಗಿ ಎಲೆ ಅಗಿಯಲು ಒಂದು ಬಗೆಯ ತಾಳ್ಮೆ ಬೇಕು.

ಈಗ ಮಣ್ಣು ಬೆರಳಿಗೆ ಪೂರ್ತಿ ಒಣಗಿದಂತೆ ತಾಕಿದಾಗ ಮಾತ್ರ ನೀರು ಹಾಕುತ್ತೇನೆ. ಮಣ್ಣಿಗೆ ಅರ್ಧದಷ್ಟು ಮರಳು ಬೆರೆಸಿದ್ದೇನೆ. ಹೋದ ಭಾನುವಾರ ಹೈನೆಯ ಪರೀಕ್ಷೆಯನ್ನೂ ಮಾಡಿದೆ, ಉಗುರಿನಷ್ಟು ಚೂರಿನಲ್ಲಿ. ಹೆಚ್ಚು ಬೇಡ, ಈ ಕುಲದ ಗಿಡಗಳಲ್ಲಿ ದನಕರುಗಳ ಹೃದಯಕ್ಕೆ ಕುತ್ತು ತರುವ ವಿಷಾಂಶವಿದೆ. ಬೆಳಿಗ್ಗೆ ಆರಕ್ಕೆ ಹುಣಿಸೆಚಿಗುರಿನಂಥ ಹುಳಿ, ಮಧ್ಯಾಹ್ನ ಬರೀ ಹಸಿರು ನೀರು. ಸಂಜೆಯ ಕಹಿ ಮಾತ್ರ ನನ್ನ ನಾಲಿಗೆಗೆ ಸಿಗಲಿಲ್ಲ.