ಅಡಮಾನ ಪತ್ರ ಹಿಡಿದವನ ಪಾಡು

ಸಾಲ ಮಾಡಿದವನ ಗೋಳನ್ನು ಕೇಳಿದವರು ಬಹಳ ಮಂದಿ; ಸಾಲ ಕೊಟ್ಟವನ ಇಕ್ಕಟ್ಟನ್ನು ವಿಚಾರಿಸಿದವರು ಕಡಮೆ. ಕಥೆ ಕಾದಂಬರಿಗಳಲ್ಲಿ ಅವನು ಬರುವುದು ಸಾಮಾನ್ಯವಾಗಿ ಖಳನಾಗಿಯೇ. ಆದರೆ ಅಡಮಾನ ಪತ್ರವನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು, ವಾಯಿದೆ ತೀರಿದರೂ ಹಣ ಕಾಣದವನು ಏನು ಮಾಡಬೇಕು? 1930ರ ದಶಕದ ಅಮೆರಿಕದ ಚರಿತ್ರೆಯಲ್ಲಿ ಇದಕ್ಕೆ ನನಗೆ ಕಂಡ ಉತ್ತರವನ್ನು ಓದುಗರ ಮುಂದಿಡುತ್ತೇನೆ.

ಭೋಗ್ಯವಾದರೆ ಸಾಲ ಕೊಟ್ಟವನೇ ಸ್ವತ್ತನ್ನು ಅನುಭವಿಸುತ್ತಾನೆ. ಅಮೆರಿಕದ ಅಡಮಾನದಲ್ಲಿ ಹಾಗಲ್ಲ. ಮನೆಯಲ್ಲಿ ಸಾಲಗಾರ, ಸಾಲ ಕೊಟ್ಟವನ ಕೈಯಲ್ಲಿ ಬರಿಯ ಕಾಗದ. 1920ರ ದಶಕದಲ್ಲಿ ಇಂಥ ಸಾಲಗಳ ವಾಯಿದೆ ಹೆಚ್ಚಾಗಿ 3ರಿಂದ 5 ವರ್ಷ. ಅನೇಕರು ಬಡ್ಡಿಯನ್ನಷ್ಟೇ ಕಟ್ಟುತ್ತಿದ್ದರು. ಅಸಲಿನ ದಿನ ಬಂದಾಗ ಪತ್ರವನ್ನು ಹೊಸದು ಮಾಡಿಕೊಳ್ಳುತ್ತಿದ್ದರು. 1929ರ ಕುಸಿತದ ಬಳಿಕ ಆ ವಾಡಿಕೆ ಮುರಿಯಿತು. ಕೆಲಸ ಹೋದವನು ಬಡ್ಡಿ ಕಟ್ಟಲಾರ. ಮನೆಯನ್ನು ಹರಾಜಿಗೆ ಹಾಕಿದರೆ ಕೊಳ್ಳುವವರಿಲ್ಲ. ಪತ್ರ ಹಿಡಿದವನೇ ಕೂಗಿ ಕೊಂಡರೆ ಅವನಿಗೆ ಸಿಕ್ಕಿದ್ದು ಬೆಲೆಯಿಳಿದ ಮನೆ, ಜೊತೆಗೆ ಅದರ ತೆರಿಗೆ.

ಆತುರದ ಹಾದಿ ಎಲ್ಲಿಗೆ ಒಯ್ಯಿತೆಂಬುದು ಅಯೋವಾ ಸಂಸ್ಥಾನದ ಲ ಮಾರ್ಸ್ ಊರಿನಲ್ಲಿ ತಿಳಿಯಿತು. ಇನ್ನು ಜಮೀನು ಜಪ್ತಿಯ ಆಜ್ಞೆಗೆ ಸಹಿ ಹಾಕುವುದಿಲ್ಲವೆಂದು ಮಾತು ಕೊಡಲು ಒಪ್ಪದ ನ್ಯಾಯಾಧೀಶ ಬ್ರಾಡ್ಲಿಯವರನ್ನು 1933ರ ಏಪ್ರಿಲ್ 27ರಂದು ರೈತರು ನ್ಯಾಯಾಲಯದಿಂದ ಎಳೆದೊಯ್ದು ಕೊರಳಿಗೆ ಹಗ್ಗ ಹಾಕಿದರು. ಪ್ರಾಣ ಉಳಿಯಿತು, ಆ ಜಿಲ್ಲೆಗೆ ಸೈನಿಕರು ಬರಬೇಕಾಯಿತು.

ಅದೇ ವರ್ಷ ಪಕ್ಕದ ಮಿನೆಸೋಟ ಬೇರೆ ದಾರಿ ಹಿಡಿಯಿತು. ಹರಾಜಾದ ಮನೆಯನ್ನು ಬಿಡಿಸಿಕೊಳ್ಳುವ ಗಡುವನ್ನು 1935ರ ಮೇ 1ರವರೆಗೂ ವಿಸ್ತರಿಸುವ ಅಧಿಕಾರವನ್ನು ಅಲ್ಲಿಯ ಕಾನೂನು ನ್ಯಾಯಾಲಯಗಳಿಗೆ ಕೊಟ್ಟಿತು. ಆದರೆ ಪುಕ್ಕಟೆಯಾಗಿಯಲ್ಲ. ಬ್ಲೇಸ್‌ಡೆಲ್ ಮೊಕದ್ದಮೆಯಲ್ಲಿ ಸಾಲಗಾರರು ತಿಂಗಳಿಗೆ 40 ಡಾಲರ್ ಕಟ್ಟಬೇಕೆಂದು ಆಜ್ಞೆಯಾಯಿತು. ಕರಾರಿಗೆ ಭಂಗ ಬಂತೆಂದು ಸಾಲ ಕೊಟ್ಟ ಸಂಸ್ಥೆ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. 1934ರ ಜನವರಿಯಲ್ಲಿ ಐವರು ನ್ಯಾಯಮೂರ್ತಿಗಳು ಕಾನೂನನ್ನು ಎತ್ತಿಹಿಡಿದರು, ನಾಲ್ವರು ವಿರೋಧಿಸಿದರು. ಆ ನಾಲ್ವರ ಅಂಜಿಕೆಯನ್ನು ತಳ್ಳಿಹಾಕುವಂತಿಲ್ಲ: ಕರಾರು ಕಷ್ಟಕಾಲದಲ್ಲಿ ನಿಲ್ಲದಿದ್ದರೆ ನಾಳೆ ಸಾಲ ಕೊಡುವವರು ಯಾರು? ಆದರೂ ಸಾಲ ಮನ್ನಾ ಆಗಿರಲಿಲ್ಲ; ಕಾಲ ಮಾತ್ರ ಮುಂದೆ ಹೋಗಿತ್ತು.

ಸರಕಾರ ತಾನೇ ಪತ್ರ ಹಿಡಿದವನ ಜಾಗದಲ್ಲಿ ಕುಳಿತದ್ದು 1933ರ ಜೂನ್‌ನಲ್ಲಿ. ಆಗ ಸ್ಥಾಪಿಸಿದ ಹೋಮ್ ಓನರ್ಸ್ ಲೋನ್ ಕಾರ್ಪೊರೇಷನ್ ಸಂಕಟದಲ್ಲಿದ್ದ 10 ಲಕ್ಷಕ್ಕೂ ಹೆಚ್ಚು ಸಾಲಗಳನ್ನು ವಹಿಸಿಕೊಂಡಿತು. ಹಳೆಯ ಸಾಲ ಕೊಟ್ಟವರು ಪತ್ರ ಬಿಟ್ಟು ಅದರ ಬಾಂಡುಗಳನ್ನು ಪಡೆದರು. ಸಾಲಗಾರರಿಗೆ ಸುಮಾರು 15 ವರ್ಷ ವಾಯಿದೆ, ಶೇಕಡಾ 5 ಬಡ್ಡಿ, ಅಸಲೂ ಸೇರಿದ ಮಾಸಿಕ ಕಂತು. ಇಷ್ಟಾದರೂ ಹತ್ತಿರಹತ್ತಿರ 2 ಲಕ್ಷ ಮನೆಗಳು ಕೈಬಿಟ್ಟವು. ಹಾಗಿದ್ದೂ 1951ರಲ್ಲಿ ವ್ಯವಹಾರ ಮುಗಿಸಿದಾಗ ಲೆಕ್ಕದಲ್ಲಿ ಅಲ್ಪ ಲಾಭವೇ ಉಳಿದಿತ್ತು.

ಇದನ್ನು ದಾನವೆನ್ನಲು ನನಗೆ ಮನಸ್ಸಿಲ್ಲ. ತನಗೆ ಬೇಕಾದದ್ದು ಹಣವೋ ಮನೆಯೋ ಎಂದು ಕೇಳಿಕೊಂಡು, ಹಣವೆಂದು ತಿಳಿದವನು ಹಾಕಿದ ಲೆಕ್ಕವಿದು. ಆದರೆ ತಾಳ್ಮೆ ಎಲ್ಲರ ಪಾಲಿಗೂ ಸಮನಾಗಿ ಬರಲಿಲ್ಲ. ಮುಂದಿನ ವರ್ಷಗಳಲ್ಲಿ ಇದೇ ಸಂಸ್ಥೆ ಬರೆಯಿಸಿದ ನಗರಗಳ ನಕ್ಷೆಗಳಲ್ಲಿ, ಕರಿಯರು ವಾಸವಾಗಿದ್ದ ಬಡಾವಣೆಗಳಿಗೆ ಸಾಲ ಕೊಡುವುದು ಅಪಾಯವೆಂದು ಕೆಂಪು ಬಣ್ಣ ಬಳಿಯಲಾಯಿತು. ಪತ್ರ ಹಿಡಿದವನ ವಿವೇಕವನ್ನು ಮೆಚ್ಚುವಾಗ, ಅದು ಯಾರ ಬಾಗಿಲವರೆಗೆ ಹೋಯಿತೆಂಬುದನ್ನೂ ನಾವು ಕೇಳಬೇಕು.